ಕಿವಿಯಲ್ಲಿ ಬಿಡಿಸಿದ ಕ್ರಿಯಾಪದಗಳು

ದಕ್ಷಿಣ ಫ್ರಾನ್ಸಿನ ಟುಲೂಸ್ ನಗರಕ್ಕೆ ಬಂದ ಹೊಸತರಲ್ಲಿ ಸಂಜೆಯ ಫ್ರೆಂಚ್ ತರಗತಿಗೆ ಸೇರಿದ್ದೆ. ಒಂದು ದಿನ ಮೇಡಂ ಪುಸ್ತಕ ಮುಚ್ಚಿಸಿ, ಗದ್ದದ ಕೆಳಗೆ ಅಂಗೈ ಇಟ್ಟುಕೊಳ್ಳಲು ಹೇಳಿದರು. ಕ್ರಿಯಾಪದ ಉಚ್ಚರಿಸುವಾಗ ಗದ್ದ ಎಷ್ಟು ಸಲ ಇಳಿಯುತ್ತದೋ ಅಷ್ಟು ಉಚ್ಚಾರಾಂಶ.

ಮಾತಾಡು ಎನ್ನುವ ‘ಪಾರ್ಲೇ’ಯಿಂದ ಶುರು. ವರ್ತಮಾನಕಾಲದ ಆರು ರೂಪಗಳಿಗೆ ಬರವಣಿಗೆಯಲ್ಲಿ ಐದು ಕಾಗುಣಿತ, ಬಾಯಲ್ಲಿ ಮೂರೇ ಉಚ್ಚಾರ. ನಾನು, ನೀನು, ಅವನು, ಅವರು ಎಲ್ಲಕ್ಕೂ ‘ಪಾರ್ಲ್’, ಗದ್ದ ಇಳಿಯುವುದು ಒಂದೇ ಸಲ. ‘ಅವರು’ ರೂಪದ ಕೊನೆಗೆ ಇ, ಎನ್, ಟಿ ಎಂದು ಬರೆದರೂ ಒಂದೂ ಕೇಳಿಸುವುದಿಲ್ಲ. ನಾವು, ನೀವು ಬಂದಾಗ ಮಾತ್ರ ಎರಡು: ಪಾರ್-ಲೋಂ, ಪಾರ್-ಲೇ.

‘ಅವನು’, ‘ಅವರು’ ಎರಡಕ್ಕೂ ಸರ್ವನಾಮ ಕೇಳಿಸುವುದು ‘ಇಲ್’ ಎಂದೇ; ಹಾಗಾದರೆ ಒಬ್ಬನೋ ಹಲವರೋ ತಿಳಿಯುವುದು ಹೇಗೆ ಎಂದು ಯಾರೋ ಕೇಳಿದರು. ಮೇಡಂ ಉತ್ತರ ಹೇಳಲಿಲ್ಲ. ಪ್ರೀತಿಸು ಎನ್ನುವ ‘ಎಮೇ’ ತೆಗೆದುಕೊಂಡರು. ಅವನು ಪ್ರೀತಿಸುತ್ತಾನೆ: ಇ-ಲೆಮ್. ಅವರು ಪ್ರೀತಿಸುತ್ತಾರೆ: ಇಲ್-ಜ಼ೆಮ್. ಏಕವಚನದಲ್ಲಿ ಸರ್ವನಾಮದ ‘ಲ್’ ಮುಂದಿನ ಸ್ವರವನ್ನು ಸೇರಿಕೊಂಡಿತು. ಬಹುವಚನದಲ್ಲಿ, ಬರೆದೂ ಹೇಳದೆ ಬಿಡುವ ಎಸ್, ಸ್ವರ ಸಿಕ್ಕ ಕೂಡಲೇ ‘ಜ಼್’ ಆಗಿ ಕ್ರಿಯಾಪದದ ತಲೆಗೆ ಬಂದು ಕೂತಿತು. ಎರಡರಲ್ಲೂ ಗದ್ದ ಇಳಿಯುವುದು ಎರಡೇ ಸಲ. ಆದರೆ ಮನೆಮಂದಿಯೆಲ್ಲ ಆ ಒಂದು ವ್ಯಂಜನದಲ್ಲಿದ್ದಾರೆ! ನನಗೆ ಮೈ ಜುಮ್ಮೆಂದಿತು.

ಪ್ರೌಢಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕುವಾಗ ಪದ ಎಲ್ಲಿ ಮುಗಿಯಿತೆಂದು ನೋಡದೆ ಗಣ ವಿಂಗಡಿಸುತ್ತಿದ್ದೆವಲ್ಲ, ಆ ಅಭ್ಯಾಸ ಇಲ್ಲಿ ಕೈಹಿಡಿಯಿತು. ಪದಗಳ ನಡುವಿನ ಖಾಲಿ ಜಾಗವನ್ನು ಮರೆತರೆ ಫ್ರೆಂಚ್ ತಾನಾಗಿ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಸರ್ವನಾಮ ಬಿಟ್ಟು ಕ್ರಿಯಾಪದದ ಪಟ್ಟಿಯನ್ನು ಬಾಯಿಪಾಠ ಮಾಡುವುದು ವ್ಯರ್ಥ ಎಂದೇ ನನ್ನ ನಂಬಿಕೆ. ‘ಮುಗಿಸು’ವಿನಂಥವು ಬೇರೆ: ಅಲ್ಲಿ ಫಿ-ನಿ, ಫಿ-ನಿಸ್ ಎಂದು ವ್ಯತ್ಯಾಸ ಬಾಲದಲ್ಲೇ ಕೇಳುತ್ತದೆ.

ಅಷ್ಟರಲ್ಲಿ, ತರಕಾರಿ ಮಾರುಕಟ್ಟೆಯಲ್ಲಿ ಕೆಲಸ ಮಾಡುವ ಸಹಪಾಠಿಯೊಬ್ಬಳು ತಕರಾರು ತೆಗೆದಳು. ಅಲ್ಲಿಯವರು ‘ಪಾರ್ಲ್’ ಅನ್ನುವುದಿಲ್ಲ, ‘ಪಾರ್-ಲ’ ಅನ್ನುತ್ತಾರೆ, ಗದ್ದ ಎರಡು ಸಲ ಇಳಿಯುತ್ತದೆ. ಮೇಡಂ ಮುಖ ಅರಳಿತು. ದಕ್ಷಿಣ ಫ್ರಾನ್ಸಿನ ಮಾತಿನಲ್ಲಿ ಕೊನೆಯ ಇ ಇನ್ನೂ ಮೂಕವಾಗಿಲ್ಲ ಎಂದರು. 12 ಉಚ್ಚಾರಾಂಶಗಳ ಅಲೆಕ್ಸಾಂಡ್ರಿನ್ ಪದ್ಯದ ಸಾಲಿನೊಳಗೂ, ಮುಂದೆ ವ್ಯಂಜನ ಬಂದರೆ, ಆ ಇ ಲೆಕ್ಕಕ್ಕೆ ಸೇರುತ್ತದಂತೆ. ಬೋರ್ಡಿನ ಮೇಲೆ ‘ಒಂದು’ ಎಂದಿದ್ದ ಕಡೆ ಪಕ್ಕದಲ್ಲೇ ‘ಎರಡು’ ಎಂದೂ ಬರೆದು, ಎರಡನ್ನೂ ಗುರುತು ಹಾಕಿಕೊಳ್ಳಲು ಹೇಳಿದರು.