ಅದರಲ್ಲಿ ಕೆಂಪೆಲ್ಲಿದೆ ಚಿಕ್ಕಮ್ಮ?

ನಾಲ್ಕು ದಿನದಿಂದ ಈ ಪ್ರಶ್ನೆ ನನ್ನ ಕಿವಿಯಲ್ಲೇ ಕೂತಿದೆ. ಕೇಳಿದವಳು ಅಕ್ಕನ ಮಗಳು.

ಹೈಸ್ಕೂಲಿನ ಕೊನೇ ವರ್ಷ ಅವಳದ್ದು. ಮುಂದಿನ ವಾರ ಚಿತ್ರಕಲೆಯ ಥಿಯರಿ ಪೇಪರ್. ಪ್ರಾಕ್ಟಿಕಲ್ ಮುಗಿದಿದೆ, ಕುಂಚ ಕೈಯಲ್ಲಿದ್ದರೆ ಅವಳಿಗೆ ಚಿಂತೆಯೇ ಇಲ್ಲ. ಬರೆದು ವಿವರಿಸು ಅಂದರೆ ಮಾತ್ರ ಮುಖ ಬಾಡುತ್ತದೆ. ಭಾವ ದಿನಕ್ಕೊಮ್ಮೆ ಬಂದು "ಡ್ರಾಯಿಂಗ್ ತಾನೇ, ಅದರಲ್ಲಿ ಓದೋದೇನಿದೆ?" ಅನ್ನುತ್ತಾರೆ. ಒಳ್ಳೆಯ ಮನುಷ್ಯ, ಈ ಒಂದು ವಿಷಯದಲ್ಲಿ ಸುಮ್ನಿದ್ದರೆ ಚೆನ್ನಾಗಿತ್ತು. ನಾನು ಕಾಲೇಜಿನಲ್ಲಿ ಕಲಾ ಇತಿಹಾಸ ಓದಿದವಳು. ಹಾಗಾಗಿ ಪಾಠ ನನ್ನ ತಲೆಗೆ ಬಂತು.

ಅವಳ ನೋಟ್ಸ್ ನೋಡಿ ಸಿಟ್ಟೇ ಬಂತು. ಟ್ಯೂಷನ್‌ನಲ್ಲಿ ಬರೆಸಿದ್ದಂತೆ. ಗೆರ್ನಿಕಾ, ಪಿಕಾಸೊ, 1937, ಯುದ್ಧದ ಭೀಕರತೆ. ನಕ್ಷತ್ರಗಳ ರಾತ್ರಿ, ವ್ಯಾನ್ ಗೋ, 1889, ಮನಸ್ಸಿನ ತಳಮಳ. ಇಬ್ಬರು ಫ್ರೀಡಾಗಳು, ಫ್ರೀಡಾ ಕಾಲೊ, 1939, ವಿಚ್ಛೇದನದ ನೋವು. ಒಂದೊಂದು ಚಿತ್ರಕ್ಕೂ ಒಂದೊಂದು ಕಾಯಿಲೆ ಹೆಸರು ಬರೆದು ಚೀಟಿ ಅಂಟಿಸಿದ ಹಾಗಿತ್ತು. ಎಂದೂ ನೋಡದ ಚಿತ್ರ ಕೊಟ್ಟು ವಿವರಿಸಿ ಅಂದರೆ ಈ ಮಗು ಏನು ಮಾಡಬೇಕು? ಬರೆಸಿದವರು ಅದನ್ನು ಯೋಚಿಸಿದಂತಿಲ್ಲ.

"ನೋಟ್ಸ್ ಮುಚ್ಚಿಡು" ಅಂದೆ. ಫೋನಿನಲ್ಲಿ ಗೆರ್ನಿಕಾ ತೆಗೆಸಿದೆ.

"ಏನು ಕಾಣ್ತಿದೆ?"

"ಯುದ್ಧದ ಭೀಕರತೆ."

"ಅದು ಕಾಣಲ್ಲ ಕಣೇ. ಅದು ಯಾರೋ ಹೇಳಿಕೊಟ್ಟಿದ್ದು. ನಿನ್ನ ಕಣ್ಣಿಗೆ ಏನು ಕಾಣ್ತಿದೆ?"

ಅವಳು ಮಾತಾಡಲಿಲ್ಲ. ನಾನು ಬಟ್ಟೆ ಮಡಚುತ್ತಾ ಶುರು ಹಚ್ಚಿಕೊಂಡೆ. ಸತ್ತ ಕೂಸನ್ನು ಹಿಡಿದ ತಾಯಿ ನೋಡು, ಕಿರುಚುವ ಕುದುರೆ ನೋಡು, ಆ ರಕ್ತದ ಕೆಂಪು ನೋಡು, ಹೇಗೆ ಕಣ್ಣಿಗೆ ರಾಚುತ್ತೆ ಅಂತ.

"ಅದರಲ್ಲಿ ಕೆಂಪೆಲ್ಲಿದೆ ಚಿಕ್ಕಮ್ಮ?"

ಕುಹಕ ಇರಲಿಲ್ಲ ಅವಳ ದನಿಯಲ್ಲಿ. ನಿಜವಾಗಿ ಹುಡುಕುತ್ತಿದ್ದಳು, ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ. ಫೋನ್ ಕಸಿದುಕೊಂಡು ನೋಡಿದೆ. ಕಪ್ಪು, ಬಿಳಿ, ಬೂದು. ಏಳೂಮುಕ್ಕಾಲು ಮೀಟರ್ ಅಗಲದ ಚಿತ್ರದಲ್ಲಿ ಒಂದು ಹನಿ ಕೆಂಪಿಲ್ಲ.

ನನಗೆ ಗೊತ್ತಿಲ್ಲದ ವಿಷಯವೇನಲ್ಲ ಅದು. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಅನ್ನೋ ಊರಿನ ಮೇಲೆ ಜರ್ಮನ್, ಇಟಾಲಿಯನ್ ವಿಮಾನಗಳು ಬಾಂಬು ಸುರಿಸಿದವು. ಪಿಕಾಸೊ ಪ್ಯಾರಿಸ್ಸಿನಲ್ಲಿ ಕೂತು ಪತ್ರಿಕೆಯಲ್ಲಿ ಓದಿದ ಸುದ್ದಿ ಅದು. ಚಿತ್ರದ ಬಣ್ಣವೂ ಪತ್ರಿಕೆಯ ಬಣ್ಣವೇ, ಕುದುರೆಯ ಮೈಮೇಲಿನ ಗೀಟುಗಳೂ ಅಚ್ಚಿನ ಸಾಲುಗಳಂತೆ ಇವೆ. ಇದೆಲ್ಲ ಒಂದು ಕಾಲಕ್ಕೆ ನಾನೇ ಬರೆದಿದ್ದೆ. ಅದೇ ಉತ್ತರದಲ್ಲಿ 'ರಕ್ತಸಿಕ್ತ' ಅಂತ ಒಂದು ಭರ್ಜರಿ ಪದವನ್ನೂ ಹಾಕಿದ್ದೆ. ಮಾರ್ಕ್ಸ್ ಚೆನ್ನಾಗಿ ಬಂದಿತ್ತು. ಉಳಿದದ್ದೆಲ್ಲ ಮರೆತು ಆ ಪದ ಮಾತ್ರ ಉಳಿದು, ವರ್ಷಾನುಗಟ್ಟಲೆ ಒಳಗೊಳಗೇ ಆ ಚಿತ್ರಕ್ಕೆ ಬಣ್ಣ ಬಳಿದಿದೆ. ಹುಡುಗಿಗೆ ಬೈದೆನಲ್ಲ, ಚೀಟಿ ಅಂಟಿಸಿದ್ದೀಯ ಅಂತ.

ಆಮೇಲೆ ಇಬ್ಬರೂ ನೆಲದ ಮೇಲೆ ಕೂತು ಬರೀ ನೋಡಿದೆವು. ಸ್ವಲ್ಪ ಹೊತ್ತಾದ ಮೇಲೆ ಅವಳು, "ವಿಮಾನಾನೇ ಇಲ್ಲ. ಬಾಂಬೂ ಇಲ್ಲ. ಮೇಲೆ ಒಂದು ಬಲ್ಬ್ ಇದೆ ಅಷ್ಟೆ" ಅಂದಳು. ಯಾಕಿರಬಹುದು ಅಂತ ಕೇಳಿದೆ. "ಒಳಗಿರೋರಿಗೆ ವಿಮಾನ ಕಾಣಲ್ಲ ಅಲ್ವಾ? ಸೂರು ಕುಸಿಯೋದಷ್ಟೇ ಗೊತ್ತಾಗೋದು."

ಇದನ್ನೇ ಪೇಪರಲ್ಲಿ ಬರಿ ಅಂದೆ. "ಮಾಡೆಲ್ ಆನ್ಸರಲ್ಲಿ ಇಲ್ವಲ್ಲ, ಮಾರ್ಕ್ಸ್ ಕೊಡ್ತಾರಾ?" ಅಂತ ಕೇಳಿದಳು. ಕೊಡ್ತಾರೆ ಅಂದೆ. ಎಷ್ಟು ಗಟ್ಟಿಯಾಗಿ ಅಂದೆ ಅಂದರೆ, ರಾತ್ರಿ ಮಲಗಿದ ಮೇಲೆ ನನಗೇ ಭಯವಾಯಿತು. ತಿದ್ದುವವರೂ ನನ್ನ ಹಾಗೆ ಎಂದೋ ಓದಿ, ಕೆಂಪು ಬಳಿದುಕೊಂಡು ಕೂತವರಾಗಿದ್ದರೆ?

ಭಾವನ ವಿಷಯಕ್ಕೂ ನಾನು ಒಂದು ಚೀಟಿ ಅಂಟಿಸಿಯೇ ಬಿಟ್ಟಿದ್ದೇನೆ, ಕಲೆ ತಿಳಿಯದವರು ಅಂತ. ಪ್ರಾಕ್ಟಿಕಲ್‌ಗೆ ರಾತ್ರಿಯೆಲ್ಲ ಕೂತು ಅವಳ ಕ್ಯಾನ್ವಾಸ್‌ಗೆ ಚೌಕಟ್ಟು ಹೊಡೆದುಕೊಟ್ಟವರು ಅವರೇ. ಮೂಲೆಗಳಲ್ಲಿ ಒಂದು ಸುಕ್ಕಿಲ್ಲ. ಆದರೂ ಆ ಡ್ರಾಯಿಂಗ್ ಮಾತು ತಪ್ಪೇ, ಅದರಲ್ಲಿ ನಾನು ರಾಜಿ ಆಗೋದಿಲ್ಲ.

ನಿನ್ನೆ ರಾತ್ರಿ ಹನ್ನೊಂದಕ್ಕೆ ಅವಳ ಮೆಸೇಜ್. "ಗೂಳಿಗೂ ಕುದುರೆಗೂ ನಡುವೆ ಒಂದು ಹಕ್ಕಿ ಇದೆ. ನೋಡಿದ್ದೀಯಾ?"

'ಹೂಂ, ನೋಡಿದ್ದೀನಿ' ಅಂತ ಟೈಪ್ ಮಾಡಿದೆ. ಅಳಿಸಿದೆ. ಚಿತ್ರ ತೆಗೆದು ಹಿಗ್ಗಿಸಿದೆ. ಹಿಂದಿನ ಕತ್ತಲೊಳಗೆ ಬೆರೆತೇ ಹೋಗಿದೆ, ಮೇಜಿನ ಮೇಲೆ, ಕೊಕ್ಕು ತೆರೆದು ಮೇಲೆತ್ತಿಕೊಂಡು.

"ಈಗ ನೋಡಿದೆ" ಅಂತ ಕಳಿಸಿದೆ.