ಥರ್ಮಲ್ ಕ್ಯಾಮೆರಾಗೆ ಬಟ್ಟೆ ಅಡ್ಡ ಬಂದರೆ

ಕಾರ್ಖಾನೆಗಳ ವಿದ್ಯುತ್ ಪ್ಯಾನೆಲ್‌ಗಳನ್ನು ಥರ್ಮಲ್ ಕ್ಯಾಮೆರಾದಲ್ಲಿ ತಪಾಸಣೆ ಮಾಡುವುದು ನನ್ನ ಕೆಲಸ. ಈ ಕ್ಯಾಮೆರಾ ಎಕ್ಸ್‌ರೇ ಥರ ಒಳಗಿರುವುದನ್ನೆಲ್ಲ ತೋರಿಸುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅದು ಹಿಡಿಯುವುದು ಎದುರಿಗಿರುವ ಮೇಲ್ಮೈಯಿಂದ ಬರುವ ಶಾಖದ ಕಿರಣವನ್ನು ಮಾತ್ರ, ಅದೂ ಸುಮಾರು 8ರಿಂದ 14 ಮೈಕ್ರಾನ್ ತರಂಗಾಂತರದ್ದನ್ನು. ಮಧ್ಯೆ ಒಂದು ಹಳೇ ಪಂಚೆ ನೇತಾಡುತ್ತಿದ್ದರೂ ಸಾಕು, ಎಷ್ಟೇ ದುಬಾರಿ ಕ್ಯಾಮೆರಾ ಆದರೂ ಪಂಚೆಯ ಉಷ್ಣಾಂಶವನ್ನೇ ಹೇಳುತ್ತದೆ.

ಗಂಗಾವತಿ ಕಡೆಯ ಅಕ್ಕಿ ಗಿರಣಿಯೊಂದರಲ್ಲಿ ಮುಖ್ಯ ಪ್ಯಾನೆಲ್‌ನ ಬಾಗಿಲು ತೆಗೆದರೆ ಕೇಬಲ್ ಲಗ್‌ಗಳ (ಕೇಬಲ್ ತುದಿಯನ್ನು ಬೋಲ್ಟ್‌ನಿಂದ ಜೋಡಿಸುವ ಲೋಹದ ತುಂಡು) ಮುಂದೆ ದಪ್ಪ ಬಟ್ಟೆ ಇಳಿಬಿಟ್ಟಿದ್ದರು. "ತೌಡಿನ ಧೂಳು ಬಾಳ ಬರ್ತೈತ್ರಿ ಸರ, ಅದಕ್ಕ ಅರಿವಿ ಕಟ್ಟೀವಿ" ಅಂದರು ಅಲ್ಲಿನ ಎಲೆಕ್ಟ್ರಿಷಿಯನ್. ಕ್ಯಾಮೆರಾದಲ್ಲಿ ಇಡೀ ಭಾಗ ಒಂದೇ ಬಣ್ಣ, ಸುಮಾರು 37 ಡಿಗ್ರಿ, ಅಂದರೆ ಆ ಕೋಣೆಯ ಗಾಳಿಯಷ್ಟೇ. ಗಿರಣಿ ನಿಲ್ಲಿಸಿ, ಸಪ್ಲೈ ಕಡಿತ ಮಾಡಿಸಿ, ಬಟ್ಟೆ ತೆಗೆಸಿ, ಮತ್ತೆ ಲೋಡ್ ಹಾಕಿಸಿ, ಅಂದರೆ ಯಂತ್ರಗಳಿಗೆ ಕರೆಂಟ್ ಹರಿಸಿ, ಒಂದು ಗಂಟೆ ಕಾದೆವು. ಆಮೇಲೆ ನೋಡಿದರೆ ಮೂರು ಫೇಸ್‌ಗಳ (ವಿದ್ಯುತ್ ತರುವ ಮೂರು ಲೈನ್) ಪೈಕಿ ಆರ್ ಮತ್ತು ಬಿ ಫೇಸ್ 50ರ ಆಸುಪಾಸು, ವೈ ಫೇಸ್‌ನ ಲಗ್ ಮಾತ್ರ 90 ದಾಟಿತ್ತು. ಲಗ್‌ನ ಬೋಲ್ಟ್ ಸಡಿಲಾಗಿತ್ತು, ಪಕ್ಕದ ಇನ್ಸುಲೇಷನ್ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು.

ಇಲ್ಲಿ ಎರಡು ಅಪಾಯ ಒಟ್ಟಿಗೆ ಇದ್ದವು. ಬಟ್ಟೆ ಬಿಸಿಯನ್ನು ಕಣ್ಣಿಂದ ಮರೆಮಾಡಿದ್ದಷ್ಟೇ ಅಲ್ಲ, ಗಾಳಿಯಾಡದಂತೆ ಮಾಡಿ ಜಾಯಿಂಟನ್ನು ಇನ್ನಷ್ಟು ಕಾಯಿಸುತ್ತಿತ್ತು. ತೌಡಿನ ಧೂಳು ಹಿಡಿದ ಹತ್ತಿ ಬಟ್ಟೆಗೆ ಬೆಂಕಿ ತಗುಲಲು ಬಹಳ ಹೊತ್ತು ಬೇಡ.

ಬಟ್ಟೆ ಎಷ್ಟು ಮರೆಮಾಡುತ್ತದೆ ಅನ್ನುವುದು ಅಂತರದ ಮೇಲೆ ನಿಂತಿದೆ. ಬಿಸಿ ವಸ್ತುವಿಗೆ ತಾಗಿಕೊಂಡಿದ್ದರೆ ಬಟ್ಟೆಯೂ ಕಾದು ಆ ಕಲೆ ಹೊರಗೆ ಮಂಕಾಗಿಯಾದರೂ ಕಾಣುತ್ತದೆ. ನಡುವೆ ನಾಲ್ಕು ಬೆರಳು ಗಾಳಿ ಇದ್ದರೆ ಏನೂ ಕಾಣದೇ ಹೋಗಬಹುದು. ಹೊಸಬರಿಗೆ ನಾನು ಇದನ್ನು ಟವೆಲ್ ಹಿಡಿದು ತೋರಿಸುತ್ತೇನೆ: ಮೊದಲು ಮುಖಕ್ಕೆ ಒತ್ತಿ, ಆಮೇಲೆ ದೂರ ಹಿಡಿದು. ಕಪ್ಪು ಪ್ಲಾಸ್ಟಿಕ್ ಕಸದ ಚೀಲದೊಳಗೆ ಕೈ ಹಾಕಿದರೆ ಮಾತ್ರ ಎಲ್ಲರೂ ಬೆರಗಾಗುತ್ತಾರೆ. ನಮ್ಮ ಕಣ್ಣಿಗೆ ಕತ್ತಲೆ, ಕ್ಯಾಮೆರಾಗೆ ಐದೂ ಬೆರಳು ಸ್ಪಷ್ಟ, ಯಾಕೆಂದರೆ ತೆಳುವಾದ ಪಾಲಿಥೀನ್ ಈ ಕಿರಣವನ್ನು ಬಹುಪಾಲು ಬಿಟ್ಟುಕೊಡುತ್ತದೆ. ಗಾಜು, ಅಕ್ರಿಲಿಕ್ ಶೀಟ್ ಇದಕ್ಕೆ ತದ್ವಿರುದ್ಧ. ಬಸ್‌ಬಾರ್ (ಪ್ಯಾನೆಲ್‌ನೊಳಗೆ ವಿದ್ಯುತ್ ಹಂಚುವ ಲೋಹದ ಪಟ್ಟಿ) ಮುಂದಿನ ಪಾರದರ್ಶಕ ಅಕ್ರಿಲಿಕ್ ಕವರ್ ಮೂಲಕ ಫೋಟೋ ತೆಗೆದು "ಸರಿಯಿದೆ" ಅಂತ ಬರೆದ ವರದಿಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಆ ವರದಿ ನಂಬಿ ಪಕ್ಕದಲ್ಲಿ ಕೆಲಸ ಮಾಡುವವರು ಮನುಷ್ಯರು.

ಇದೇ ಗುಣದಿಂದ ಬಟ್ಟೆ ನನಗೆ ಉಪಯೋಗಕ್ಕೂ ಬರುತ್ತದೆ. ಹೊಳೆಯುವ ತಾಮ್ರದ ಬಸ್‌ಬಾರ್ ತನ್ನ ಶಾಖವನ್ನು ಬಹಳ ಕಡಿಮೆ ಹೊರಸೂಸುತ್ತದೆ, ಅದರ ಎಮಿಸಿವಿಟಿ, ಅಂದರೆ ಶಾಖ ಹೊರಸೂಸುವ ಸಾಮರ್ಥ್ಯ, ಗರಿಷ್ಠ 1 ಇರುವ ಅಳತೆಯಲ್ಲಿ ಸುಮಾರು 0.05. ಉಳಿದದ್ದು ಸುತ್ತಲಿನ ಪ್ರತಿಫಲನ: ಹಿಂದಿನ ಬಾಯ್ಲರ್, ಕಿಟಕಿಯ ಬಿಸಿಲು, ನನ್ನದೇ ಮುಖ. ಆಗ ನನ್ನ ಹಿಂದೆ, ಪ್ಯಾನೆಲ್‌ನಿಂದ ಸಾಕಷ್ಟು ದೂರದಲ್ಲಿ ಸಹಾಯಕರು ಬೆಡ್‌ಶೀಟ್ ಹಿಡಿಯುತ್ತಾರೆ. ಬಿಸಿ ಕಲೆ ಮಾಯವಾದರೆ ಅದು ಪ್ರತಿಫಲನ, ಅಲ್ಲೇ ನಿಂತರೆ ಜಾಯಿಂಟ್‌ನದೇ ಬಿಸಿ. ಶಟ್‌ಡೌನ್ ಸಿಕ್ಕರೆ ಜಾಯಿಂಟ್ ಪಕ್ಕ ಕಪ್ಪು ಇನ್ಸುಲೇಷನ್ ಟೇಪ್‌ನ ತುಂಡು ಅಂಟಿಸಿಡುತ್ತೇವೆ, ಅದರ ಎಮಿಸಿವಿಟಿ 0.95ರ ಹತ್ತಿರ ಇರುವುದರಿಂದ ಮುಂದಿನ ಸಲ ಓದುವ ಅಂಕಿಯನ್ನು ನಂಬಬಹುದು.

ಈಗ ನನ್ನ ವರದಿಯಲ್ಲಿ ಪ್ರತಿ ಚಿತ್ರದ ಪಕ್ಕ ಮುಂದೆ ಏನು ಅಡ್ಡ ಇತ್ತು, ಲೋಡ್ ಎಷ್ಟಿತ್ತು ಅಂತ ಬರೆಯುತ್ತೇನೆ. ಲೋಡ್ ಅರ್ಧಕ್ಕಿಳಿದರೆ ಜಾಯಿಂಟ್‌ನಲ್ಲಿ ಹುಟ್ಟುವ ಶಾಖ ಕಾಲು ಭಾಗಕ್ಕಿಳಿಯುತ್ತದೆ, ಆ ಹೊತ್ತಿನ ಚಿತ್ರ ಯಾರನ್ನಾದರೂ ಮೋಸಗೊಳಿಸುತ್ತದೆ. ತೆಗೆಯಲಾಗದ ಕವರ್ ಇದ್ದ ಕಡೆ "ಪರೀಕ್ಷಿಸಿಲ್ಲ" ಅಂತಲೇ ನಮೂದಿಸುತ್ತೇನೆ. ಗಿರಣಿಯವರು ಆ ಬಟ್ಟೆ ಬಿಸಾಕಿ, ಬಾಗಿಲಿಗೆ ಹೊಸ ರಬ್ಬರ್ ಗ್ಯಾಸ್ಕೆಟ್ ಹಾಕಿಸಿ, ಕೇಬಲ್ ಒಳಬರುವ ತೂತುಗಳಿಗೆ ಗ್ಲ್ಯಾಂಡ್ (ಕೇಬಲ್ ಸುತ್ತ ಬಿಗಿಯಾಗಿ ಕೂತು ಸಂದು ಮುಚ್ಚುವ ಭಾಗ) ಕೂರಿಸಿದರು.