ಗುರುವಾರದ ಮೇಡಂ

ಆಯುಷ್ಮಾನ್ ಕಾರ್ಡ್ ಮೇಲೆ ನಮ್ಮ ಅವ್ವನಿಗೆ ಇರುವಷ್ಟು ನಂಬಿಕೆ ಯಾವ ಡಾಕ್ಟರ ಮೇಲೂ ಇಲ್ಲ. ಅದಕ್ಕೆ ಕಾರಣವೂ ಇದೆ. ಬಡವರ ದೊಡ್ಡ ಚಿಕಿತ್ಸೆಗೆ ಸರ್ಕಾರವೇ ದುಡ್ಡು ಕೊಡುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಶುರುವಾದದ್ದೇ ನಮ್ಮ ಕಲಬುರಗಿ ವಿಭಾಗದಲ್ಲಿ. ಆಗಿನ್ನೂ ಊರಿನ ಹೆಸರು ಗುಲ್ಬರ್ಗಾ. ಆ ಯೋಜನೆಯಲ್ಲೇ ನಮ್ಮ ಸೋದರಮಾವನಿಗೆ ಹಾರ್ಟ್ ಆಪರೇಷನ್ ಆಯಿತು. ಮಾರಲು ಇಟ್ಟಿದ್ದ ತೊಗರಿ ಹೊಲ ಉಳಿಯಿತು. ಅಂದಿನಿಂದ ಅವ್ವನ ಪಾಲಿಗೆ ಸರ್ಕಾರದ ಕಾರ್ಡ್ ಅಂದರೆ ಎಲ್ಲ ಬಾಗಿಲೂ ತೆಗೆಯಬೇಕು.

ಅವ್ವನಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಹಲವು ವರ್ಷದಿಂದ ತೋರಿಸುತ್ತಿದ್ದ ಡಾಕ್ಟರು ಕ್ಲಿನಿಕ್ ಮುಚ್ಚಿ ಮಗನ ಜೊತೆ ಇರಲು ಹೈದರಾಬಾದಿಗೆ ಹೋಗಿಬಿಟ್ಟರು. ಅವರು ಬರೆದುಕೊಟ್ಟ ಗುಳಿಗೆಗಳನ್ನೇ ಆಳಂದ ತಾಲ್ಲೂಕಿನ ನಮ್ಮೂರಲ್ಲಿ ಕೂತು ನುಂಗುತ್ತಿದ್ದಳು. ಆಮೇಲೆ ಕಾಲು ಬಾತುಕೊಂಡವು. ಚಪ್ಪಲಿ ಹಿಡಿಸುತ್ತಿಲ್ಲ ಅಂದಾಗ ಕಲಬುರಗಿಗೆ ನನ್ನ ಮನೆಗೆ ಕರೆಸಿಕೊಂಡೆ. ಬಸ್ಸಿಳಿದ ಕೂಡಲೇ ಅವಳ ಷರತ್ತು ಒಂದೇ: "ಕಾರ್ಡ್ ನಡೆಯೋ ಡಾಕ್ಟರ್ ಕಡೆನೇ ಹೋಗಾಮು."

ಬೆಳಿಗ್ಗೆ ಹುಡುಕಲು ಹೊರಟೆವು. ಎಂ.ಡಿ. ಜನರಲ್ ಮೆಡಿಸಿನ್ ಅಂತ ಬೋರ್ಡ್ ಇರುವ ಕ್ಲಿನಿಕ್‌ಗಳಿಗೆ ನಮ್ಮಲ್ಲಿ ಬರಗಾಲವಿಲ್ಲ. ಸ್ಟೇಷನ್ ರೋಡಿನಿಂದ ಸೂಪರ್ ಮಾರ್ಕೆಟ್ ಕಡೆ ನಡೆದರೆ ಕುತ್ತಿಗೆ ನೋಯುವಷ್ಟು ಬೋರ್ಡ್‌ಗಳು. ಅವ್ವ ಪ್ರತಿ ಕೌಂಟರಿನಲ್ಲೂ ಪ್ಲಾಸ್ಟಿಕ್ ಕವರಿನಿಂದ ಕಾರ್ಡ್ ತೆಗೆದು "ಇದು ನಡೀತದೇನ್ರಿ?" ಅಂತ ಕೇಳುತ್ತಿದ್ದಳು. "ಅಡ್ಮಿಟ್ ಆದ್ರ ಮಾತ್ರ ರೀ, ಸುಮ್ನೆ ತೋರಿಸ್ಲಿಕ್ಕೆ ಇಲ್ಲ" ಅನ್ನುವ ಉತ್ತರ. ಅದು ಸುಳ್ಳಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30ರಷ್ಟು, ಅದೂ 1.5 ಲಕ್ಷದೊಳಗೆ, ಈ ಯೋಜನೆ ಕೊಡುತ್ತದೆ. ಆದರೆ ಕೊಡುವುದು ಆಸ್ಪತ್ರೆಯ ಹಾಸಿಗೆ ಹಿಡಿದವರಿಗೆ. ಡಾಕ್ಟರ ಎದುರು ಸ್ಟೂಲಿನ ಮೇಲೆ ಕೂತು ಹತ್ತು ನಿಮಿಷ ಮಾತಾಡಿ ಬರುವವರಿಗಲ್ಲ. ಸಕ್ಕರೆ, ಬಿಪಿ ಇರುವವರಿಗೆ ಬೇಕಾದದ್ದು ಆ ಹತ್ತು ನಿಮಿಷವೇ, ಅದೂ ತಿಂಗಳು ತಿಂಗಳು. ಐದು ಲಕ್ಷದ ಕಾರ್ಡ್ ಕೈಯಲ್ಲಿದ್ದೂ ಐನೂರು ರೂಪಾಯಿ ಫೀಸಿಗೆ ಯೋಚನೆ ಮಾಡುವ ಸ್ಥಿತಿ ವಿಚಿತ್ರ ಅಲ್ವಾ?

ಒಂದು ನರ್ಸಿಂಗ್ ಹೋಮಿನ ಗೋಡೆ ಮೇಲೆ ಮಾತ್ರ ಕಾರ್ಡ್ ಸೌಲಭ್ಯ ಇದೆ ಅಂತ ದೊಡ್ಡದಾಗಿ ಬರೆದಿತ್ತು. ಅವ್ವನ ಮುಖ ಅರಳಿತು. ಕೌಂಟರಿನ ಹುಡುಗ ಅವಳ ಕಾಲು ನೋಡಿದ, ಡಾಕ್ಟರ್ ನೋಡುವ ಮೊದಲೇ. "ಬಾವು ಬಂದದಲ್ರೀ, ಮೂರು ದಿನ ಅಡ್ಮಿಟ್ ಮಾಡ್ರಿ. ಎಲ್ಲಾ ಕಾರ್ಡಿನ್ಯಾಗ ಆಗ್ತದ. ಲೆಟರ್ ವ್ಯವಸ್ಥಾ ನಾವು ನೋಡ್ಕೋತೀವಿ." ಅವ್ವ ಆಗಲೇ ಒಳಗೆ ಹೊರಟಿದ್ದಳು. ನಡೆದಾಡುವ ಮನುಷ್ಯಳನ್ನು ಕಾರ್ಡ್ ಇದೆ ಅಂತ ಮಲಗಿಸುವುದು ನನಗೆ ಸರಿ ಕಾಣಲಿಲ್ಲ. ಕೈ ಹಿಡಿದು ಹೊರಗೆ ಕರೆತಂದೆ. ದಾರಿಯುದ್ದಕ್ಕೂ ಅವ್ವ ನನ್ನ ಜೊತೆ ಮಾತಾಡಲಿಲ್ಲ.

ಕೊನೆಗೆ ಹೋದದ್ದು ಸರ್ಕಾರಿ ದೊಡ್ಡ ದವಾಖಾನೆಗೆ. ಅಲ್ಲಿ ಕಾರ್ಡಿನವರಿಗೆ ದಾರಿ ತೋರಿಸುವ ಆರೋಗ್ಯ ಮಿತ್ರ ಡೆಸ್ಕಿನಲ್ಲಿದ್ದ ಹೆಣ್ಣುಮಗಳು ನಾನು ಅಲ್ಲಿತನಕ ಕೇಳಿದ ಎಲ್ಲರಿಗಿಂತ ಚೆನ್ನಾಗಿ ವಿಷಯ ಬಿಡಿಸಿ ಹೇಳಿದಳು. ಸಣ್ಣಪುಟ್ಟ ಚಿಕಿತ್ಸೆಗಳೆಲ್ಲ ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ದೊಡ್ಡ ಚಿಕಿತ್ಸೆ ಇಲ್ಲಿ ಸಾಧ್ಯವಿಲ್ಲ ಅಂದಾಗ ಮಾತ್ರ ಇಲ್ಲಿಂದಲೇ ರೆಫರಲ್ ಪತ್ರ ಕೊಟ್ಟು ಖಾಸಗಿಗೆ ಕಳಿಸುತ್ತಾರೆ. ಜೀವಕ್ಕೆ ಅಪಾಯ ಇರುವ ತುರ್ತು ಕೇಸಿಗಾದರೆ ಪತ್ರ ಬೇಡ, ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರವಾಗಿ ಹೋಗಬಹುದು. "ನಿಮ್ಮವ್ವಗ ಇವತ್ತು ಕಾರ್ಡೇ ಬೇಡ ಅಕ್ಕ, ಓಪಿಡಿ ಚೀಟಿ ಮಾಡಿಸ್ರಿ" ಅಂದಳು. ಆ ಹೊರರೋಗಿ ಚೀಟಿಗೆ ಕೊಟ್ಟದ್ದು ಚಿಲ್ಲರೆ ದುಡ್ಡು.

ಸಾಲಿನಲ್ಲಿ ನಮ್ಮ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ಸಾಲು ಅಂದರೆ ಊರಿನ ಎಲ್ಲ ಸುದ್ದಿ ಸಿಗುವ ಜಾಗ. ಅವಳ ಮಗ ಬಟ್ಟೆ ಶೋರೂಮಿನಲ್ಲಿ ಕೆಲಸ ಮಾಡುತ್ತಾನೆ. ಸಂಬಳದಿಂದ ಕೆಲಸಗಾರರ ಆರೋಗ್ಯ ವಿಮೆಯಾದ ಇಎಸ್‌ಐ ಕಡಿತ ಆಗುತ್ತದೆ, ಆದರೆ ಅವಳ ಹೆಸರು ಇನ್ನೂ ಸೇರಿಸಿಲ್ಲವಂತೆ. "ಸೇರಿಸಿದ್ರ ಸೇಡಂ ರೋಡಿನ ಇಎಸ್‌ಐ ದವಾಖಾನೆಗೆ ಹೋಗ್ತೀನಿ, ಅಲ್ಲಿ ಅಡ್ಮಿಟ್ ಆಗಬೇಕಂತಿಲ್ಲ" ಅಂದಳು. ನನ್ನ ಕಿವಿ ನೆಟ್ಟಗಾಯಿತು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಕೆಲಸಗಾರರಿಗೆ ಇಎಸ್‌ಐ ಅನ್ವಯ. ಅವರ ಸಂಬಳದಲ್ಲಿ ಶೇ 0.75, ಮಾಲೀಕರಿಂದ ಶೇ 3.25 ಹೋಗುತ್ತದೆ. ಅವಲಂಬಿತ ತಂದೆ ತಾಯಿಗೂ ಹೊರರೋಗಿ ಚಿಕಿತ್ಸೆ, ಔಷಧ ಎಲ್ಲ ಅದರಲ್ಲೇ. ನನ್ನ ತಮ್ಮ ಸೆಕ್ಯುರಿಟಿ ಏಜೆನ್ಸಿಯಲ್ಲಿ ಇದ್ದಾನೆ. ಅವನ ಸಂಬಳದ ಚೀಟಿ ನಮ್ಮ ಮನೆಯಲ್ಲಿ ಯಾರೂ ಓದಿದವರಲ್ಲ, ಅವನೂ ಸೇರಿ.

ಮೆಡಿಸಿನ್ ಕೋಣೆಯೊಳಗೆ ಹೋದಾಗ ಹನ್ನೆರಡು ದಾಟಿತ್ತು. ಒಳಗಿದ್ದವರು ಮೇಡಂ ಒಬ್ಬರು, ಸುತ್ತ ಕಲಿಯುವ ಹುಡುಗ ಹುಡುಗಿಯರು. ಮೇಡಂ ಕಾಲಿನ ಮೇಲೆ ಬೆರಳು ಒತ್ತಿ ನೋಡಿದರು. ಕುತ್ತಿಗೆ ನೋಡಿದರು, ಎದೆ ಬಡಿತ ಕೇಳಿದರು. ಆಮೇಲೆ "ಚೀಲದಾಗ ಏನೇನು ಗುಳಿಗಿ ಅದಾವ, ಎಲ್ಲಾ ಟೇಬಲ್ ಮ್ಯಾಲ ಹಾಕವ್ವ" ಅಂದರು. ಅವ್ವ ಚೀಲ ಬೋರಲು ಹಾಕಿದಳು. ಸಕ್ಕರೆಗೆ ಮೆಟ್‌ಫಾರ್ಮಿನ್. ಬಿಪಿಗೆ ಆಮ್ಲೋಡಿಪಿನ್ 10. ಎಲೆ ಅಡಿಕೆ ಡಬ್ಬಿ. ಕೆಳಗೆ ಹೆಸರೂ ಸರಿಯಾಗಿ ಕಾಣದ ಒಂದು ಹಾಳೆ ಗುಳಿಗೆ.

"ಇದು ಯಾರು ಬರೆದದ್ದು?"

"ಯಾರೂ ಬರೆದಿಲ್ರಿ. ಮೊಣಕಾಲು ಹಿಡದಾಗ ಮೆಡಿಕಲ್‌ನವ ಕೊಡ್ತಾನ."

"ದಿನಾ ತಗೋತೀಯೇನು?"

"ದಿನಾ ಹಿಡಿತಾವಲ್ರಿ."

ಡೈಕ್ಲೋಫೆನಾಕ್ ಅದು. ಮೇಡಂ ಹುಡುಗರ ಕಡೆ ತಿರುಗಿ ಪಾಠ ಶುರು ಮಾಡಿದರು. ನನಗೂ ಪುಕ್ಕಟೆ ಪಾಠ ಆಯಿತು. ಇಂಥ ನೋವಿನ ಗುಳಿಗೆ ದಿನಾ ತಗೊಂಡರೆ ಮೈಯಲ್ಲಿ ನೀರು ನಿಲ್ಲುತ್ತದೆ, ಬಿಪಿ ಏರುತ್ತದೆ, ಕಿಡ್ನಿಗೂ ಪೆಟ್ಟು. ಬಿಪಿ ಇಳಿಯುತ್ತಿಲ್ಲ ಅಂತ ಆಮ್ಲೋಡಿಪಿನ್ ಜಾಸ್ತಿ ಮಾಡಿದರೆ ಅದರಿಂದಲೂ ಕಾಲು ಬಾವು ಬರಬಹುದು. ಒಂದು ಗುಳಿಗೆ ಮಾಡಿದ್ದಕ್ಕೆ ಇನ್ನೊಂದು ಗುಳಿಗೆ ಏರಿಸಿ, ಅದು ಮಾಡಿದ್ದಕ್ಕೆ ಮೂರು ದಿನ ಅಡ್ಮಿಟ್ ಆಗುವುದರಲ್ಲಿದ್ದೆವು. ಸಕ್ಕರೆ ಇರುವವರ ಕಾಲು ಬಾತುಕೊಳ್ಳಲು ಕಿಡ್ನಿ, ಹಾರ್ಟ್ ಕೂಡ ಕಾರಣ ಇರಬಹುದು, ಅದನ್ನು ನೋಡದೆ ಬಿಡಬಾರದು ಅಂತ ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕಿಡ್ನಿ ಕೆಲಸ ತಿಳಿಸುವ ಕ್ರಿಯಾಟಿನಿನ್, ಮೂರು ತಿಂಗಳ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ, ಇಸಿಜಿ ಬರೆದರು. ಪಾದ ಜುಮುಜುಮು ಅನ್ನುತ್ತವೆ ಅಂದಾಗ, ಮೆಟ್‌ಫಾರ್ಮಿನ್ ತುಂಬಾ ವರ್ಷ ತಗೊಂಡವರಿಗೆ ಬಿ12 ವಿಟಮಿನ್ ಕಡಿಮೆ ಆಗಬಹುದು, ಅದನ್ನೂ ನೋಡೋಣ ಅಂದರು. ಅವ್ವನಿಗೆ ಇದ್ಯಾವುದೂ ಮುಖ್ಯ ಅನ್ನಿಸಲಿಲ್ಲ. ಮೇಡಂ ಅವಳ ಕಾಲು ಮುಟ್ಟಿ ನೋಡಿದ್ದು ಮಾತ್ರ ಸಂಜೆ ಮನೆಗೆ ಬಂದವರಿಗೆಲ್ಲ ಹೇಳಿದಳು.

ಹೊರಡುವಾಗ ನಾನು ಕೇಳಿದೆ: "ಮುಂದಿನ ಸಲ ಬಂದರೆ ನೀವೇ ಸಿಗ್ತೀರಾ ಮೇಡಂ?" ಸರ್ಕಾರಿ ದವಾಖಾನೆ ಬಗ್ಗೆ ನನ್ನ ದೊಡ್ಡ ತಕರಾರೇ ಅದು, ಪ್ರತಿ ಸಲ ಹೊಸ ಮುಖ, ಪ್ರತಿ ಸಲ ಮೊದಲಿನಿಂದ ಕಥೆ. ಅವರು ಚೀಟಿಯ ಮೇಲೆ ಯುನಿಟ್ ನಂಬರ್ ಬರೆದು ಗೆರೆ ಹಾಕಿದರು. ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ವಿಭಾಗವನ್ನು ಯುನಿಟ್‌ಗಳಾಗಿ ಮಾಡಿರುತ್ತಾರೆ, ಒಂದೊಂದು ಯುನಿಟ್‌ಗೂ ವಾರದ ಯಾವ ದಿನ ಓಪಿಡಿ ಅಂತ ನಿಗದಿಯಾಗಿರುತ್ತದೆ. "ನಮ್ಮದು ಗುರುವಾರ. ಗುರುವಾರವೇ ಬರ್ರಿ, ಹಳೇ ಚೀಟಿ ತರ್ರಿ" ಅಂದರು. ಬಾಗಿಲ ಪಕ್ಕದ ಗೋಡೆಯಲ್ಲೇ ವಾರಗಳ ಪಟ್ಟಿ ಇತ್ತು. ಯಾರೂ ಅದನ್ನು ಓದುತ್ತಿರಲಿಲ್ಲ. ಊರೆಲ್ಲ ಸುತ್ತಿ ಕಾರ್ಡ್ ನಡೆಯೋ ಡಾಕ್ಟರ್ ಯಾರು ಅಂತ ಕೇಳುವುದಕ್ಕಿಂತ, ಈ ಡಾಕ್ಟರ ವಾರ ಯಾವುದು ಅಂತ ಕೇಳಿದರೆ ಕೆಲಸ ಬೇಗ ಆಗುತ್ತಿತ್ತು. ಬೆಲೆ ಏನು ಅಂದರೆ ಅರ್ಧ ದಿನ. ದಿನಗೂಲಿಯವರಿಗೆ ಅರ್ಧ ದಿನ ಅಂದರೆ ಅರ್ಧ ಕೂಲಿ, ಅದನ್ನು ಪುಕ್ಕಟೆ ಅನ್ನಲು ನನಗೆ ಮನಸ್ಸಿಲ್ಲ.

ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಸರಿ ಇತ್ತು, ಮೂತ್ರದಲ್ಲಿ ಸ್ವಲ್ಪ ಪ್ರೋಟೀನ್ ಇತ್ತು. ನೋವಿನ ಗುಳಿಗೆ ನಿಂತಿತು. ಆಮ್ಲೋಡಿಪಿನ್ ಅರ್ಧಕ್ಕೆ ಇಳಿಯಿತು, ಬಿಪಿಯದೇ ಇನ್ನೊಂದು ಗುಳಿಗೆ ಟೆಲ್ಮಿಸಾರ್ಟನ್ ಸೇರಿತು. ಮಾಮೂಲಿ ಬಿಪಿ, ಸಕ್ಕರೆ ಗುಳಿಗೆ ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸಿಗುತ್ತವೆ. ಈಗ ಅವ್ವನ ಚಪ್ಪಲಿ ಹಿಡಿಸುತ್ತವೆ, ಮೊಣಕಾಲಿನ ಗೋಳು ಮಾತ್ರ ಇನ್ನೂ ಇದೆ. ಗುರುವಾರ ಬಂದೇನವಾಜ್ ದರ್ಗಾಕ್ಕೆ ಹೋಗುವವರಿಂದ ಬಸ್ಸು ತುಂಬಿರುತ್ತದೆ ಅಂತ ಗೊಣಗುತ್ತಾಳೆ. ಶಕ್ತಿ ಯೋಜನೆಯಲ್ಲಿ ಟಿಕೆಟ್ ಪುಕ್ಕಟೆ, ಸೀಟು ನಿಮ್ಮ ಅದೃಷ್ಟ.

ತಮ್ಮನ ಸಂಬಳದ ಚೀಟಿ ತರಿಸಿ ನೋಡಿದೆ. ಇಎಸ್‌ಐ ಕಡಿತ ಇತ್ತು. ಅವ್ವನ ಆಧಾರ್ ಪ್ರತಿ, ಫೋಟೊ ಎಲ್ಲ ಅವನ ಕೈಗೆ ಕೊಟ್ಟಾಗಿದೆ, ಹೆಸರು ಸೇರಿಸು ಅಂತ ದಿನಾ ಫೋನ್ ಮಾಡುತ್ತೇನೆ. ಅವ್ವನಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ, "ಅಲ್ಲಿ ಗುರುವಾರ ಯಾರು ಕೂಡ್ತಾರ?"